ವರ್ಷದ ಪ್ರಕಾರವೋ, ವಿಷಯದ ಪ್ರಕಾರವೋ? ತೋಟದ ಮನೆಯ ಲ್ಯಾಪ್‌ಟಾಪ್‌ಗೆ ಒಂದು ವ್ಯವಸ್ಥೆ

ಪ್ರಶ್ನೆ: ನಮ್ಮದು ಪೊನ್ನಂಪೇಟೆ ಕಡೆ ಕಾಫಿ ತೋಟ. ಜೊತೆಗೆ ಮೂರು ಕೋಣೆಯ ಹೋಂಸ್ಟೇ ಇದೆ. ಮೊದಲು ಲೆಕ್ಕಪತ್ರವೆಲ್ಲ ಮಾವ ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಲ್ಯಾಪ್‌ಟಾಪ್ ನನ್ನ ಕೈಗೆ ಬಂತು. ಡೆಸ್ಕ್‌ಟಾಪ್ ತುಂಬ ಐಕಾನ್‌ಗಳು. ‘ನ್ಯೂ ಫೋಲ್ಡರ್’ ಅಂತಲೇ ಹತ್ತು ಹನ್ನೆರಡು ಇವೆ. ಸ್ಕ್ಯಾನ್ ಮಾಡಿದ್ದಕ್ಕೆಲ್ಲ ‘ಸ್ಕ್ಯಾನ್ 0001’, ‘ಸ್ಕ್ಯಾನ್ 0002’ ಅಂತ ಹೆಸರು. ಹೋದ ತಿಂಗಳು ಬೆಳೆ ಸಾಲದ ನವೀಕರಣಕ್ಕೆ ಬ್ಯಾಂಕಿನವರು ಪಹಣಿ ಮತ್ತು ಹಳೆಯ ಪಾಲುಪಟ್ಟಿ ಕೇಳಿದರು. ಒಂದು ಮಧ್ಯಾಹ್ನ ಪೂರ್ತಿ ಹುಡುಕಿದೆ, ಸಿಗಲಿಲ್ಲ. ಫೋಲ್ಡರ್‌ಗಳನ್ನು ವರ್ಷದ ಪ್ರಕಾರ ಮಾಡಬೇಕಾ, ವಿಷಯದ ಪ್ರಕಾರವಾ? ಹೆಸರು ಕನ್ನಡದಲ್ಲಿ ಇಡಬಹುದಾ? ಇದಕ್ಕೆ ಒಳ್ಳೆಯ ಸಾಫ್ಟ್‌ವೇರ್ ಇದ್ದರೆ ತಿಳಿಸಿ.

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸಾಫ್ಟ್‌ವೇರ್ ಬೇಡ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಈಗಾಗಲೇ ಇರುವುದೇ ಸಾಕು. ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್‌ಗೂ ‘ಸ್ಕ್ಯಾನ್ 0001’ ಯಾರ ಪಾಲುಪಟ್ಟಿ ಅಂತ ಗೊತ್ತಾಗುವುದಿಲ್ಲ. ಅದನ್ನು ನೀವೇ ತೆರೆದು ನೋಡಿ ಹೆಸರಿಡಬೇಕು.

ಇನ್ನೊಂದು ಸಮಾಧಾನದ ವಿಷಯ. ನೀವು ಹುಡುಕಿದ ಎರಡು ಕಾಗದಗಳಲ್ಲಿ ಪಹಣಿಯನ್ನು ಹುಡುಕುವ ಅಗತ್ಯವೇ ಇರಲಿಲ್ಲ. 2000ದಲ್ಲಿ ‘ಭೂಮಿ’ ಯೋಜನೆ ಬಂದ ಮೇಲೆ ಕರ್ನಾಟಕದ ಪಹಣಿಗಳು ಕಂಪ್ಯೂಟರಿನಲ್ಲೇ ಇವೆ. ಸರ್ವೆ ನಂಬರ್ ಗೊತ್ತಿದ್ದರೆ ಹೊಸ ಪ್ರತಿ ತೆಗೆಯಬಹುದು. ಬ್ಯಾಂಕಿನವರೂ ಸಾಮಾನ್ಯವಾಗಿ ಇತ್ತೀಚಿನದನ್ನೇ ಕೇಳುತ್ತಾರೆ. ಪಾಲುಪಟ್ಟಿಯ ಕಥೆ ಬೇರೆ. ನೋಂದಣಿ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಕೇಳಬಹುದು. ಮನೆಯವರೇ ಕೂತು ಬರೆದುಕೊಂಡ ಪಾಲುಪಟ್ಟಿ ಆಗಿದ್ದರೆ ಅದು ನಿಮ್ಮ ಮನೆಯಲ್ಲಿ ಬಿಟ್ಟು ಇನ್ನೆಲ್ಲೂ ಸಿಗುವುದಿಲ್ಲ. ಹೀಗೆ ಮತ್ತೆ ಸಿಗುವುದು ಯಾವುದು, ಸಿಗದಿರುವುದು ಯಾವುದು ಅಂತ ಮೊದಲೇ ಮನಸ್ಸಿನಲ್ಲಿ ಬೇರೆ ಮಾಡಿಕೊಳ್ಳಿ. ಅರ್ಧ ಗಾಬರಿ ಅಲ್ಲಿಗೇ ಇಳಿಯುತ್ತದೆ.

ಈಗ ಮುಖ್ಯ ಪ್ರಶ್ನೆ. ವರ್ಷವಾ, ವಿಷಯವಾ? ಎರಡೂ ಬೇಕು. ಆದರೆ ಒಂದರೊಳಗೊಂದು ಕಲಸಬಾರದು. ತೋಟದ ಮನೆಯಲ್ಲಿ ಎರಡು ತರಹದ ಫೈಲುಗಳಿರುತ್ತವೆ. ಒಂದು, ವರ್ಷ ಬದಲಾದರೂ ಹಾಗೇ ಇರುವವು. ಜಮೀನಿನ ಪತ್ರ, ಮನೆ ನಕ್ಷೆ, ಮನೆಯವರ ಗುರುತಿನ ಚೀಟಿ, ಜೀಪಿನ ಕಾಗದ, ಇಂಥವು. ಇನ್ನೊಂದು, ಪ್ರತಿ ವರ್ಷ ಹೊಸದಾಗಿ ಹುಟ್ಟುವವು. ಕಾಫಿ ಬಿಲ್, ಕಾರ್ಮಿಕರ ಚೆಕ್‌ರೋಲ್ (ಹಾಜರಿ, ಕೂಲಿಯ ಪಟ್ಟಿ), ಗೊಬ್ಬರದ ರಸೀದಿ, ಕರೆಂಟ್ ಬಿಲ್. ಮೊದಲನೆಯದಕ್ಕೆ ವಿಷಯದ ಫೋಲ್ಡರ್, ಎರಡನೆಯದಕ್ಕೆ ವರ್ಷದ ಫೋಲ್ಡರ್. 2016ರ ಫೋಲ್ಡರಿನಲ್ಲಿ ಕ್ರಯಪತ್ರ ಇಟ್ಟರೆ ಯಾರಿಗೂ ನೆನಪಿರುವುದಿಲ್ಲ. ಆ ಪತ್ರ ಸ್ಕ್ಯಾನ್ ಆದದ್ದು 2016ರಲ್ಲಿ ಅನ್ನುವುದು ನಿಮಗೆ ಯಾಕೆ ಬೇಕು, ಅಲ್ವಾ?

ನಾನಾದರೆ ಮೇಲಿನ ಹಂತದಲ್ಲಿ ಆರೇ ಫೋಲ್ಡರ್ ಇಡುತ್ತೇನೆ: ಜಮೀನು, ಮನೆಯವರು, ಲೆಕ್ಕ, ತೋಟ, ಹೋಂಸ್ಟೇ, ಫೋಟೊ. ಇವೆಲ್ಲವೂ ಒಂದೇ ತಾಯಿ ಫೋಲ್ಡರಿನ ಒಳಗೆ ಇರಲಿ. ಆಗ ನಕಲು ಮಾಡುವಾಗ ಒಂದೇ ಸಲಕ್ಕೆ ಎಲ್ಲವೂ ಬರುತ್ತದೆ. ಒಳಗೆ ಎರಡು ಹಂತ, ಹೆಚ್ಚೆಂದರೆ ಮೂರು. ಅದಕ್ಕಿಂತ ಆಳಕ್ಕೆ ಹೋದರೆ ಏನು ಎಲ್ಲಿಟ್ಟೆ ಅನ್ನುವುದು ನಿಮಗೇ ಮರೆಯುತ್ತದೆ. ವಿಂಡೋಸ್‌ನದೂ ಒಂದು ತಕರಾರಿದೆ. ಡ್ರೈವ್‌ನಿಂದ ಹಿಡಿದು ಫೈಲ್ ಹೆಸರಿನ ಕೊನೆಯವರೆಗಿನ ಇಡೀ ವಿಳಾಸ ಸುಮಾರು 260 ಅಕ್ಷರ ದಾಟಿದರೆ ಹಲವು ಪ್ರೋಗ್ರಾಂಗಳು ಆ ಫೈಲನ್ನು ತೆರೆಯುವುದಿಲ್ಲ, ನಕಲು ಮಾಡುವುದೂ ಇಲ್ಲ.

ಜಮೀನು ಫೋಲ್ಡರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕೊಡಗಿನಲ್ಲಿ ಇದೇ ಗೋಜಲು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು, ಗದ್ದೆಗೆ ಸೇರಿಕೊಂಡ ಕಾಡುಗುಡ್ಡದ ಬಾಣೆ, ಆಮೇಲೆ ಕೊಂಡ ತೋಟ, ಗದ್ದೆ, ಎಲ್ಲದಕ್ಕೂ ಬೇರೆ ಬೇರೆ ಸರ್ವೆ ನಂಬರ್. ಪಹಣಿಯಲ್ಲಿ ಒಕ್ಕದ, ಅಂದರೆ ಒಂದೇ ಮನೆತನದ, ಹತ್ತಾರು ಹೆಸರುಗಳಿರಬಹುದು. ಮಾಲೀಕರ ಹೆಸರಿನಲ್ಲಿ ಫೋಲ್ಡರ್ ಮಾಡಲು ಹೋದರೆ ಮುಗಿಯಿತು ಕಥೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆ ವಾರಸುದಾರರಿಗೆ ವರ್ಗ, ಆದ ಕೂಡಲೇ ಹೆಸರು ಬದಲಾಗುತ್ತದೆ. ಸರ್ವೆ ನಂಬರ್ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಹಾಗಾಗಿ ಗ್ರಾಮದ ಹೆಸರು, ಅದರ ಮುಂದೆ ಸರ್ವೆ ನಂಬರ್, ಇದೇ ಫೋಲ್ಡರಿನ ಹೆಸರಾಗಲಿ. ಪೋಡಿ (ಜಮೀನಿನ ವಿಭಜನೆ) ಆಗಿ ನಂಬರ್ ಒಡೆದರೆ ಹಳೆಯ ನಂಬರಿನ ಫೋಲ್ಡರನ್ನು ಅಳಿಸಬೇಡಿ. ಅದರೊಳಗೇ ಹೊಸ ನಂಬರುಗಳ ಫೋಲ್ಡರ್ ಮಾಡಿ. ಹಳೆಯ ಪತ್ರಗಳಲ್ಲಿ ಹಳೆಯ ನಂಬರೇ ಇರುತ್ತದಲ್ಲ.

ಇಲ್ಲಿ ಒಂದು ಚಿಕ್ಕ ತೊಡಕು ಎದುರಾಗುತ್ತದೆ. ಸರ್ವೆ ನಂಬರ್ 45/2 ಅಂತ ಟೈಪ್ ಮಾಡಲು ಹೋದರೆ ವಿಂಡೋಸ್ ಒಪ್ಪುವುದಿಲ್ಲ. ಓರೆ ಗೆರೆ, ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ ಮುಂತಾದ ಕೆಲವು ಗುರುತುಗಳಿಗೆ ಫೈಲ್ ಹೆಸರಿನಲ್ಲಿ ಜಾಗವಿಲ್ಲ. 45-2 ಅಂತ ಅಡ್ಡಗೆರೆ ಹಾಕಿ. ಒಂದು ಕಡೆ ಅಡ್ಡಗೆರೆ, ಇನ್ನೊಂದು ಕಡೆ ಚುಕ್ಕಿ ಬೇಡ. ಹುಡುಕುವಾಗ ಯಾವುದು ಹಾಕಿದ್ದೆ ಅಂತ ಯೋಚಿಸುವ ಹಾಗಾಗಬಾರದು.

ಒಕ್ಕಕ್ಕೆ ಸೇರಿದ ಕಾಗದಗಳು, ಅಂದರೆ ಐನ್‌ಮನೆಯ (ಮನೆತನದ ಮೂಲ ಮನೆಯ) ಲೆಕ್ಕ, ಕೈಮಡ (ಹಿರಿಯರ ಗುಡಿ) ದುರಸ್ತಿಯ ವಂತಿಗೆ ಇತ್ಯಾದಿ, ನಿಮ್ಮ ಸ್ವಂತ ಜಮೀನಿನ ಜೊತೆ ಬೆರೆಯದಿರಲಿ. ಅದನ್ನು ನಾಳೆ ಬೇರೆಯವರಿಗೆ ವಹಿಸಿಕೊಡಬೇಕಾಗುತ್ತದೆ. ಕೋವಿ ಪರವಾನಗಿಯಿಂದ ಸಿಕ್ಕ ವಿನಾಯಿತಿಯ ಪತ್ರ ಆಯಾ ವ್ಯಕ್ತಿಯ ಹೆಸರಿನಲ್ಲಿ ಇರುತ್ತದೆ. ಅದು ‘ಮನೆಯವರು’ ಫೋಲ್ಡರಿಗೆ ಹೋಗಲಿ.

ಇನ್ನು ಲೆಕ್ಕ. ಇಲ್ಲಿ ಯಾವ ವರ್ಷ ಅನ್ನುವುದೇ ದೊಡ್ಡ ಪ್ರಶ್ನೆ. ಕಾಫಿ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗಿ ಫೆಬ್ರವರಿ, ಮಾರ್ಚ್‌ವರೆಗೆ ಎಳೆಯುತ್ತದೆ. ಕ್ಯಾಲೆಂಡರ್ ವರ್ಷ ಹಿಡಿದರೆ ಒಂದೇ ಫಸಲು ಎರಡು ಫೋಲ್ಡರಿಗೆ ಹರಿದು ಹೋಗುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷ ಹಿಡಿದರೆ ಕೊಯ್ಲು ಒಂದೇ ಕಡೆ ನಿಲ್ಲುತ್ತದೆ. ಆದರೆ ಮಾರಾಟ? ಚೆರ್ರಿ (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಮೂಟೆಗಳನ್ನು ಒಳ್ಳೆಯ ರೇಟಿಗೆ ಕಾಯುತ್ತಾ ಜೂನ್, ಜುಲೈವರೆಗೆ ಗೋದಾಮಿನಲ್ಲಿ ಇಡುವವರು ಎಷ್ಟು ಜನ ಇಲ್ಲ? ಆ ಬಿಲ್ ಮುಂದಿನ ಹಣಕಾಸು ವರ್ಷದ್ದಾಗುತ್ತದೆ, ಕಾಫಿ ಮಾತ್ರ ಹಿಂದಿನ ಫಸಲಿನದು.

ನನ್ನ ಸಲಹೆ ಹೀಗಿದೆ. ಫೋಲ್ಡರ್ ಹಣಕಾಸು ವರ್ಷದ್ದಿರಲಿ, ಯಾಕೆಂದರೆ ಆಡಿಟರ್ ಕೇಳುವುದು ಅದನ್ನೇ. ಫಸಲು ಯಾವುದು ಅನ್ನುವುದು ಫೈಲಿನ ಹೆಸರಿನಲ್ಲಿ ಬರಲಿ. ಉದಾಹರಣೆಗೆ, 2025-26 ಫೋಲ್ಡರಿನ ಒಳಗೆ ‘2025-06-14 ರೊಬಸ್ಟಾ ಚೆರ್ರಿ ಬಿಲ್ 40 ಮೂಟೆ ಫಸಲು 24-25’. ಹೆಸರು ಉದ್ದವಾಯಿತು ಅನ್ನಿಸಬಹುದು. ಆದರೆ ಫೈಲ್ ತೆರೆಯದೆಯೇ ಎಲ್ಲ ಗೊತ್ತಾಯಿತಲ್ಲ. ಆ ಫಸಲಿನಲ್ಲಿ ಒಟ್ಟು ಎಷ್ಟು ಮಾರಿದಿರಿ ಅಂತ ನೋಡಬೇಕಾದರೆ ಹುಡುಕುವ ಜಾಗದಲ್ಲಿ ‘ಫಸಲು 24-25’ ಹಾಕಿ. ಎರಡು ವರ್ಷದ ಫೋಲ್ಡರುಗಳಲ್ಲಿ ಹಂಚಿಹೋದ ಬಿಲ್ಲುಗಳು ಒಟ್ಟಿಗೆ ಎದುರಿಗೆ ಬರುತ್ತವೆ.

ತಾರೀಕನ್ನು ಯಾಕೆ ವರ್ಷದಿಂದ ಶುರು ಮಾಡಿದೆ ಅಂತ ಕೇಳಬಹುದು. ಕಂಪ್ಯೂಟರ್ ಹೆಸರುಗಳನ್ನು ಎಡದಿಂದ ಬಲಕ್ಕೆ ಓದಿ ಜೋಡಿಸುತ್ತದೆ. ‘14-06-2025’ ಅಂತ ಬರೆದರೆ ಎಲ್ಲ ವರ್ಷಗಳ, ಎಲ್ಲ ತಿಂಗಳುಗಳ 14ನೇ ತಾರೀಕುಗಳು ಒಂದೇ ಕಡೆ ಗುಂಪು ಕಟ್ಟುತ್ತವೆ. ತಿಂಗಳ ಹೆಸರು ಬರೆದರೆ ಇನ್ನೂ ಮಜಾ. ಕನ್ನಡದ ಅಕ್ಷರ ಕ್ರಮದಲ್ಲಿ ಅಕ್ಟೋಬರ್ ಮೊದಲು, ಆಮೇಲೆ ಆಗಸ್ಟ್, ಆಮೇಲೆ ಏಪ್ರಿಲ್. ಜನವರಿ ನಾಲ್ಕನೆಯದು! ವರ್ಷ, ತಿಂಗಳು, ದಿನ, ಈ ಕ್ರಮದಲ್ಲಿ ಬರೆದರೆ ಏನೂ ಮಾಡದೆಯೇ ಫೈಲುಗಳು ಸಾಲಾಗಿ ನಿಲ್ಲುತ್ತವೆ. ಇದು ನನ್ನ ಕಲ್ಪನೆಯಲ್ಲ, ಐಎಸ್‌ಒ 8601 ಅನ್ನುವ ಅಂತರರಾಷ್ಟ್ರೀಯ ಮಾನದಂಡ. 1988ರಿಂದ ಇದೆ. ಜೂನ್ ತಿಂಗಳಿಗೆ ಬರೀ 6 ಹಾಕಬೇಡಿ, 06 ಹಾಕಿ. ವಿಂಡೋಸ್ 6ನ್ನು 10ರ ಮೊದಲೇ ಇಡುವಷ್ಟು ಜಾಣ. ಎಲ್ಲ ಫೋನುಗಳಿಗೂ ಆ ಜಾಣತನ ಇರುವುದಿಲ್ಲ.

ಫೈಲಿಗೆ ಹೇಗೂ ಅದರದೇ ತಾರೀಕು ಇರುತ್ತದಲ್ಲ, ಹೆಸರಿನಲ್ಲಿ ಮತ್ತೆ ಯಾಕೆ ಅನ್ನಬೇಡಿ. ಆ ತಾರೀಕನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್‌ಗೆ ನಕಲು ಮಾಡಿದ ದಿನವೇ ವಿಂಡೋಸ್‌ನಲ್ಲಿ ಆ ಫೈಲ್ ‘ಹುಟ್ಟಿದ ದಿನ’ ಆಗಿಬಿಡುತ್ತದೆ. 1998ರ ಕ್ರಯಪತ್ರವನ್ನು ನಿನ್ನೆ ಸ್ಕ್ಯಾನ್ ಮಾಡಿದರೆ ಕಂಪ್ಯೂಟರಿನ ಪಾಲಿಗೆ ಅದು ನಿನ್ನೆಯದು. ಹೆಸರಿನಲ್ಲಿ ನೀವು ಬರೆದದ್ದು ಮಾತ್ರ ಎಲ್ಲಿ ಹೋದರೂ ಜೊತೆಗೇ ಹೋಗುತ್ತದೆ.

ಕನ್ನಡದಲ್ಲಿ ಹೆಸರಿಡಬಹುದಾ? ಧಾರಾಳವಾಗಿ. ಯೂನಿಕೋಡ್ ಕನ್ನಡದಲ್ಲಿ, ಅಂದರೆ ಈಗಿನ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಪದ್ಧತಿಯಲ್ಲಿ, ಟೈಪ್ ಮಾಡಿದರೆ ವಿಂಡೋಸ್, ಆಂಡ್ರಾಯ್ಡ್, ಗೂಗಲ್ ಡ್ರೈವ್ ಎಲ್ಲದರಲ್ಲೂ ಸರಿಯಾಗಿ ಕಾಣುತ್ತದೆ, ಹುಡುಕಲೂ ಬರುತ್ತದೆ. ಎರಡು ಎಚ್ಚರಿಕೆ ಮಾತ್ರ ಹೇಳುತ್ತೇನೆ.

ಮೊದಲನೆಯದು ಕಾಗುಣಿತದ್ದು. ‘ಪಾರ್ಚ್‌ಮೆಂಟ್’ ಅನ್ನುವ ಪದದಲ್ಲಿ ‘ಚ್’ ಮತ್ತು ‘ಮೆ’ ಬೇರೆ ಬೇರೆಯಾಗಿ ಕಾಣಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂರುತ್ತದೆ. ಕೆಲವು ಕೀಬೋರ್ಡ್ ಅದನ್ನು ತಾನೇ ಹಾಕುತ್ತದೆ, ಕೆಲವು ಹಾಕುವುದಿಲ್ಲ. ಫೋನಿನಲ್ಲಿ ಇಟ್ಟ ಹೆಸರು ಲ್ಯಾಪ್‌ಟಾಪ್‌ನಲ್ಲಿ ಹುಡುಕಿದರೆ ಸಿಗದೇ ಹೋಗಲು ಇದೂ ಒಂದು ಕಾರಣ. ಇಂಥ ಪದವಿದ್ದ ಕಡೆ ಚಿಕ್ಕ, ಸರಳ ಪದ ಹಾಕಿ, ಅಥವಾ ಪದದ ಮೊದಲ ಭಾಗ ಮಾತ್ರ ಟೈಪ್ ಮಾಡಿ ಹುಡುಕಿ. ಹಾಗೆಯೇ ‘ಪಹಣಿ’ ಅಂದರೆ ಎಲ್ಲ ಕಡೆ ಪಹಣಿ. ಒಂದು ಕಡೆ ‘ಪಹಣಿ’, ಇನ್ನೊಂದು ಕಡೆ ‘ಆರ್‌ಟಿಸಿ’ ಬೇಡ.

ಎರಡನೆಯದು, ಕೆಲವು ಜಾಲತಾಣಗಳು ಅರ್ಜಿಯ ಜೊತೆ ಕನ್ನಡ ಹೆಸರಿನ ಫೈಲ್ ಹಾಕಿದರೆ ತೆಗೆದುಕೊಳ್ಳುವುದಿಲ್ಲ. ಆಗ ಒಂದು ನಕಲು ಮಾಡಿ, ಅದಕ್ಕೆ ಇಂಗ್ಲಿಷ್ ಹೆಸರು ಕೊಟ್ಟು ಕಳಿಸಿ, ಕೆಲಸ ಮುಗಿದ ಮೇಲೆ ಆ ನಕಲನ್ನು ಅಳಿಸಿ.

ಮಾವ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪತ್ರಗಳಿರಬಹುದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಹಾಳಾಗಿದೆ ಅಂದುಕೊಂಡು ಅಳಿಸಬೇಡಿ. ಫಾಂಟ್ ಹಾಕಿಕೊಂಡರೆ ಓದಬಹುದು. ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳೂ ಇವೆ. ಒಮ್ಮೆ ಓದಲು ಬಂದ ಮೇಲೆ ಪಿಡಿಎಫ್ ಮಾಡಿ ಇಟ್ಟುಬಿಡಿ.

ಈಗಿರುವ ರಾಶಿಯನ್ನು ಏನು ಮಾಡುವುದು? ಇಲ್ಲಿ ನನ್ನ ಮಾತು ಸೋಮಾರಿತನದಂತೆ ಕೇಳಿಸಬಹುದು. ಅದನ್ನು ಜೋಡಿಸಲು ಹೋಗಬೇಡಿ. ‘ಹಳೆಯದು’ ಅಂತ ಒಂದು ಫೋಲ್ಡರ್ ಮಾಡಿ, ಡೆಸ್ಕ್‌ಟಾಪ್‌ನಲ್ಲಿರುವ ಫೈಲು, ಫೋಲ್ಡರುಗಳನ್ನೆಲ್ಲ ಅದರೊಳಗೆ ಹಾಕಿ. ಪ್ರೋಗ್ರಾಂಗಳ ಐಕಾನ್ ಮಾತ್ರ ಬಿಡಿ. ಇವತ್ತಿನಿಂದ ಬರುವುದಕ್ಕೆ ಹೊಸ ವ್ಯವಸ್ಥೆ. ಹಳೆಯದರಿಂದ ಏನಾದರೂ ಬೇಕಾದಾಗ ಹುಡುಕಿ, ಸಿಕ್ಕಿದ ಕೂಡಲೇ ಸರಿಯಾದ ಹೆಸರಿಟ್ಟು ಹೊಸ ಜಾಗಕ್ಕೆ ತನ್ನಿ. ಹೆಸರು ಬದಲಿಸಲು ಎಫ್2 ಕೀಲಿ ಒತ್ತಿದರೆ ಸಾಕು. ಒಂದೆರಡು ವರ್ಷದಲ್ಲಿ ಬೇಕಾದದ್ದೆಲ್ಲ ಈಚೆಗೆ ಬಂದಿರುತ್ತದೆ. ಒಂದೇ ಸಲ ಕೂತು ಎಲ್ಲ ಸರಿಮಾಡುತ್ತೇನೆ ಅಂತ ಹೊರಟವರು ಸಾಮಾನ್ಯವಾಗಿ ಅರ್ಧಕ್ಕೆ ಬಿಡುತ್ತಾರೆ. ಆಮೇಲೆ ಅರ್ಧ ಹಳೆಯದು, ಅರ್ಧ ಹೊಸದು ಅಂತ ಎರಡೆರಡು ಗೊಂದಲ.

ಇದಕ್ಕೆ ಒಂದೇ ಒಂದು ವಿನಾಯಿತಿ. ‘ಸ್ಕ್ಯಾನ್’ ಅಂತ ಹೆಸರಿರುವ ಫೈಲುಗಳನ್ನು ಮಾತ್ರ ಈಗಲೇ ತೆರೆದು ನೋಡಿ. ನಿಮ್ಮ ಪಾಲುಪಟ್ಟಿ ಅಲ್ಲೇ ಇರುವ ಸಾಧ್ಯತೆ ಜಾಸ್ತಿ. ವಿಂಡೋಸ್‌ನ ಫೋಲ್ಡರಿನಲ್ಲಿ ವ್ಯೂ ಮೆನುವಿಗೆ ಹೋಗಿ ಪ್ರಿವ್ಯೂ ಪೇನ್ ಹಾಕಿಕೊಂಡರೆ ಒಂದೊಂದನ್ನೂ ತೆರೆಯಬೇಕಾಗಿಲ್ಲ. ಬಾಣದ ಕೀಲಿ ಒತ್ತುತ್ತಾ ಹೋದರೆ ಪಕ್ಕದಲ್ಲೇ ಕಾಣುತ್ತದೆ. ಹತ್ತು ಪುಟದ ಪತ್ರ ಹತ್ತು ಫೈಲಾಗಿ ಬಿದ್ದಿದ್ದರೆ ಸೇರಿಸಿ ಒಂದೇ ಪಿಡಿಎಫ್ ಮಾಡಿ. ಪುಟ 7 ಎಲ್ಲೋ ತಪ್ಪಿಸಿಕೊಂಡರೆ ಉಳಿದ ಒಂಬತ್ತಿಗೂ ಬೆಲೆ ಇರುವುದಿಲ್ಲ.

ಮಳೆ ಲೆಕ್ಕದ ಬಗ್ಗೆ ನೀವು ಕೇಳಿಲ್ಲ. ಆದರೆ ಕೊಡಗಿನ ತೋಟದ ಮನೆ ಅಂದ ಮೇಲೆ ಇಂಚು, ಸೆಂಟ್‌ (ಇಂಚಿನ ನೂರನೇ ಭಾಗ) ಲೆಕ್ಕದಲ್ಲಿ ಬರೆದಿಟ್ಟ ಮಳೆ ಪುಸ್ತಕ ಇದ್ದೇ ಇರುತ್ತದೆ. ಮತ್ತೆ ಸಿಗದ ವಸ್ತುಗಳಲ್ಲಿ ಅದೂ ಒಂದು. ಪುಟಪುಟವನ್ನೂ ಫೋನಿನಲ್ಲಿ ಸ್ಕ್ಯಾನ್ ಮಾಡಿ ‘ತೋಟ’ ಫೋಲ್ಡರಿಗೆ ಹಾಕಿ. ಎಕ್ಸೆಲ್‌ಗೆ ಏರಿಸುವುದಾದರೆ ವರ್ಷಕ್ಕೊಂದು ಫೈಲ್ ಮಾಡಬೇಡಿ. ಇಲ್ಲಿ ಮಾತ್ರ ವರ್ಷದ ನಿಯಮ ತಲೆಕೆಳಗು. ಎಲ್ಲ ವರ್ಷಗಳೂ ಒಂದೇ ಹಾಳೆಯಲ್ಲಿ, ದಿನಕ್ಕೊಂದು ಸಾಲು, ತಾರೀಕು ಮತ್ತು ಮಳೆ ಅಂತ ಎರಡೇ ಕಾಲಂ. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಯಾವಾಗ ಬಿತ್ತು, ಆಗಸ್ಟ್ ಮಳೆ ಹೋದ ವರ್ಷಕ್ಕಿಂತ ಎಷ್ಟು ಹೆಚ್ಚು ಅಂತ ಹೋಲಿಸಲು ಆಗ ಮಾತ್ರ ಸಾಧ್ಯ. ಇಂಚಿನಲ್ಲೇ ಬರೆಯಿರಿ. ಮಿಲಿಮೀಟರ್ ಬೇಕಾದರೆ 25.4ರಿಂದ ಗುಣಿಸಿದರಾಯಿತು. ಬೆಳಿಗ್ಗೆ ಅಳೆದ ಮಳೆ ಹಿಂದಿನ ದಿನದ್ದಾ, ಇವತ್ತಿನದ್ದಾ? ಮಾವ ಹೇಗೆ ಬರೆಯುತ್ತಿದ್ದರೋ ಹಾಗೇ ಮುಂದುವರಿಸಿ, ಅದನ್ನು ಹಾಳೆಯ ಮೊದಲ ಸಾಲಿನಲ್ಲಿ ಬರೆದಿಡಿ.

ಫೋಟೊಗಳಿಗೆ ವರ್ಷ, ಅದರೊಳಗೆ ಸಂದರ್ಭ, ಅಷ್ಟು ಸಾಕು. ಆದರೆ ಮಳೆಹಾನಿಯ ಫೋಟೊಗಳನ್ನು ಕುಟುಂಬದ ಫೋಟೊಗಳ ಜೊತೆ ಬಿಡಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ತೆಗೆದಂಥ ಫೋಟೊಗಳು ದಾಖಲೆಗಳೇ. ಅವು ‘ತೋಟ’ ಅಥವಾ ‘ಜಮೀನು’ ಫೋಲ್ಡರಿನಲ್ಲಿ ಸರ್ವೆ ನಂಬರಿನ ಜೊತೆ ಇರಲಿ. ಇಂಥ ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಮಾಮೂಲಿನಂತೆ ಕಳಿಸಿದರೆ ಅದು ಗಾತ್ರ ಕುಗ್ಗಿಸುತ್ತದೆ. ಎಲ್ಲಿ, ಯಾವಾಗ ತೆಗೆದದ್ದು ಅನ್ನುವ ಒಳಗಿನ ಮಾಹಿತಿಯೂ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಆಯ್ಕೆ ಮಾಡಿ ಕಳಿಸಿದರೆ ಮೂಲ ಫೈಲೇ ಹೋಗುತ್ತದೆ.

ಹೋಂಸ್ಟೇ ಅತಿಥಿಗಳ ಆಧಾರ್ ಫೋಟೊಗಳು ಬಹುತೇಕರ ಫೋನಿನ ಗ್ಯಾಲರಿಯಲ್ಲೇ ಬಿದ್ದಿರುತ್ತವೆ. ನನಗೆ ಇದು ಸರಿ ಕಾಣುವುದಿಲ್ಲ. ಬೇರೆಯವರ ಗುರುತಿನ ಚೀಟಿ ನಿಮ್ಮ ಮಕ್ಕಳ ಹುಟ್ಟುಹಬ್ಬದ ಫೋಟೊ ಪಕ್ಕದಲ್ಲಿ ಯಾಕೆ ಇರಬೇಕು? 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಅಂತಲೇ ಕಾನೂನು ಬಂದಿದೆ. ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಆಧಾರ್ ಪ್ರತಿಯನ್ನೇ ಕೇಳಿ. ಲ್ಯಾಪ್‌ಟಾಪ್‌ನಲ್ಲಿ ತಿಂಗಳಿಗೊಂದು ಫೋಲ್ಡರ್ ಮಾಡಿ ಅಲ್ಲಿ ಹಾಕಿ, ಫೋನಿನಿಂದ ಅಳಿಸಿ. ಎಷ್ಟು ಕಾಲ ಇಡಬೇಕು ಅಂತ ನಿಮ್ಮ ಠಾಣೆಯಲ್ಲಿ ಕೇಳಿಕೊಂಡು, ಅವಧಿ ಮುಗಿದ ತಿಂಗಳ ಫೋಲ್ಡರನ್ನು ಒಟ್ಟಿಗೇ ತೆಗೆದುಹಾಕಿ.

ಇಷ್ಟೆಲ್ಲ ಜೋಡಿಸಿದ್ದು ಒಂದೇ ಸಿಡಿಲಿಗೆ ಹೋದರೆ? ಏಪ್ರಿಲ್, ಮೇ ಗುಡುಗು ಮಳೆಯಲ್ಲಿ ನಮ್ಮ ಕಡೆ ಟಿವಿ, ಮೋಡೆಮ್ ಸುಟ್ಟುಹೋಗುವುದು ಹೊಸದೇನಲ್ಲ. ನಕಲು ಇಡಲೇಬೇಕು. ‘ಡಿ ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇದೆ’ ಅನ್ನುವವರಿಗೆ ಹೇಳುವುದು ಇಷ್ಟೇ: ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ.

ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯಿಂದ ಆಚೆ. ಇದು ಬಹಳ ಕಾಲದಿಂದ ಚಾಲ್ತಿಯಲ್ಲಿರುವ ನಿಯಮ. ನಿಮಗೆ ಅದು ಹೀಗಾಗುತ್ತದೆ: ಲ್ಯಾಪ್‌ಟಾಪ್‌ನಲ್ಲಿ ಒಂದು, ಬೇರೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಗೂಗಲ್ ಡ್ರೈವ್‌ನಲ್ಲೋ ಮೈಸೂರು, ಬೆಂಗಳೂರಿನ ನೆಂಟರ ಮನೆಯಲ್ಲೋ ಇನ್ನೊಂದು. ಗೂಗಲ್‌ನಲ್ಲಿ ಉಚಿತವಾಗಿ ಸಿಗುವುದು 15 ಜಿಬಿ. ಅದು ಇಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ. ಫೋಟೊ ಎಲ್ಲ ಅಲ್ಲಿಗೆ ಹಾಕಿದರೆ ಬೇಗ ತುಂಬುತ್ತದೆ. ಜಮೀನು, ಮನೆಯವರು, ಲೆಕ್ಕ, ಈ ಮೂರು ಫೋಲ್ಡರ್ ಮಾತ್ರ ಹಾಕಿ, ಜಾಗ ಮಿಗುತ್ತದೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಇರುವುದಿಲ್ಲ. ಮೇ ತಿಂಗಳ ಒಳಗೇ ಈ ಕೆಲಸ ಮುಗಿಸಿ.

ಡ್ರೈವ್‌ನಂಥ ಕಡೆ ಫೋಲ್ಡರ್ ಸಿಂಕ್ ಆಗುತ್ತಿದ್ದರೆ ಒಂದು ವಿಷಯ ನೆನಪಿರಲಿ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಹಾಗಾಗಿ ಹಾರ್ಡ್ ಡಿಸ್ಕ್ ಪ್ರತಿ ಬೇಕೇ ಬೇಕು. ನಕಲು ಮುಗಿದ ಮೇಲೆ ಅದನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿಯೇ ಬಿಡಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಜುಲೈಯಲ್ಲಿ ಚಪ್ಪಲಿಗೆ, ಬೆಲ್ಟಿಗೆ ಬೂಸ್ಟು ಬರುವ ಊರಿನಲ್ಲಿ ಡಿಸ್ಕನ್ನು ಬೀರುವಿನ ಬಟ್ಟೆ ನಡುವೆ ಇಡುವುದು ಬೇಡ. ಮೂಲ ಕಾಗದಗಳಿಗೂ ಅದೇ ಮಾತು. ಪೆನ್‌ಡ್ರೈವ್ ಸಾಗಿಸಲಿಕ್ಕೆ ಸರಿ, ವರ್ಷಗಟ್ಟಲೆ ಇಡಲಿಕ್ಕಲ್ಲ.

ಕೊನೆಗೆ, ತುರ್ತಾದ ಒಂದು ಕೆಲಸ. ಮಾವನ ಜಿಮೇಲ್ ಖಾತೆ ಇತ್ತು ಅಂದುಕೊಳ್ಳುತ್ತೇನೆ. ಆಡಿಟರ್ ಕಳಿಸಿದ ಲೆಕ್ಕ, ಸ್ಕ್ಯಾನ್ ಮಾಡಿಸಿ ತರಿಸಿಕೊಂಡ ಪತ್ರಗಳು ಅದರಲ್ಲೇ ಇರಬಹುದು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ಲ್ಯಾಪ್‌ಟಾಪ್‌ನಲ್ಲಿ ಆ ಖಾತೆ ಇನ್ನೂ ತೆರೆದೇ ಇದ್ದರೆ, ಮನೆಯವರೆಲ್ಲರಿಗೂ ತಿಳಿಸಿ, ಜಮೀನಿನ ಕಾಗದ ಮತ್ತು ತೋಟದ ಲೆಕ್ಕವನ್ನು ಈ ವಾರವೇ ಇಳಿಸಿಕೊಳ್ಳಿ. ಖಾತೆ ಲಾಗ್‌ಔಟ್ ಆಗಿದ್ದು ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದಿದ್ದರೆ, ತೀರಿಕೊಂಡವರ ಖಾತೆಯ ಬಗ್ಗೆ ಹತ್ತಿರದ ಬಂಧುಗಳು ಗೂಗಲ್‌ಗೆ ಮನವಿ ಸಲ್ಲಿಸುವ ದಾರಿ ಇದೆ. ಮರಣ ಪ್ರಮಾಣಪತ್ರದ ಸ್ಕ್ಯಾನ್ ಬೇಕಾಗುತ್ತದೆ. ಅದನ್ನು ‘ಮನೆಯವರು’ ಫೋಲ್ಡರಿನಲ್ಲಿ ಮೊದಲೇ ಹಾಕಿಡಿ.